ಇನ್ನೇನು ತೆಗೀತಾರೆ

ಹಳೇ ಪೇಟೆಯಲ್ಲಿ ನನಗೆ ಗೊತ್ತಿಲ್ಲದ ಕಟ್ಟಡವಿಲ್ಲ ಎಂದರೆ ಅದು ಜಂಬವಲ್ಲ, ವಿನಯ! ವಾರವೆಲ್ಲ ಅಂಗಡಿಯಲ್ಲಿ ಕನ್ನಡಕ ಮಾರುವ ನಾನು ಭಾನುವಾರ ಮಾತ್ರ ನೇರವಾಗಿ ಜನರ ಕಣ್ಣು ತೆರೆಸಲು ಹೊರಡುತ್ತೇನೆ. ಆಸಕ್ತರ ಒಂದು ಗುಂಪನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹಳೆಯ ಮನೆಗಳನ್ನು ತೋರಿಸುತ್ತಾ ನಡೆಯುತ್ತೇನೆ. ಇಸವಿ ನೆನಪಾಗದಿದ್ದರೆ ಕೈಯಿಂದ ಒಂದು ಇಸವಿ ಹಾಕುತ್ತೇನೆ. ರಾಜ ಸಿಗದಿದ್ದರೆ ರಾಣಿಯನ್ನಾದರೂ ಒದಗಿಸುತ್ತೇನೆ. ಕೇಳಲು ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ.

ಕೊರಗು ಒಂದೇ. ಮೂಲೆಯ ಮಹಡಿ ಮನೆಯೊಳಗೆ ಮಾತ್ರ ಕಾಲಿಡಲು ಆಗಿರಲಿಲ್ಲ. ಬಾಗಿಲು ಸದಾ ಮುಚ್ಚಿರುತ್ತಿತ್ತು. ಬೀದಿಯಲ್ಲೇ ನಿಂತು ಭಾಷಣ ಬಿಗಿದು ಮುಂದೆ ಸಾಗಬೇಕಿತ್ತು. ಈ ಸಲ ಒಳಗೆ ನುಗ್ಗಿಯೇ ತೀರುತ್ತೇನೆಂದು ಹೆಂಡತಿಯೆದುರು ಘೋಷಿಸಿದೆ.

"ಕರೀದೇ ಇರೋ ಮನೆಗೆ ಹೋಗೋದು ನಿಮಗೇನು ಹೊಸದಾ?" ಎಂದಳು. ಆದರೂ ನೀರಿನ ಬಾಟಲಿ ಹಿಡಿದು ಜೊತೆಗೆ ಹೊರಟಳು, ನನ್ನ ನಾಲಿಗೆಗೆ ಕಾವಲಾಗಿ.

ಹೋಗಿ ನೋಡಿದರೆ ಬಾಗಿಲು ಹಾರುಹೊಡೆದಿತ್ತು! ಬೀದಿಯ ತುದಿಯಲ್ಲೊಂದು ವ್ಯಾನು. ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬರು ಗೋಡೆಗೊರಗಿ ನಿಂತಿದ್ದರು. ಒಳಗೆ ನೋಡಬಹುದೇ ಎಂದು ಕೇಳಿದೆ.

"ಬನ್ನಿ, ನೋಡಿ. ಇನ್ನೇನು ತೆಗೀತಾರೆ."

ರಸ್ತೆ ಅಗಲ ಮಾಡಲು ಆ ಸಾಲಿನ ಮನೆಗಳನ್ನು ತೆಗೆಯುತ್ತಾರೆಂಬ ಸುದ್ದಿ ಆಗಲೇ ಹಬ್ಬಿತ್ತು. 

"ಉಳಿಸಿಕೊಳ್ಳೋಕೆ ಆಗ್ಲೇ ಇಲ್ವಾ ಅಮ್ಮ?"

"ಬಂದವರೆಲ್ಲ ನೋಡಿದ್ರು. ಒಳಗೆಲ್ಲ ಹಾಳಾಗಿದೆ, ಏನೂ ಮಾಡೋ ಹಾಗಿಲ್ಲ ಅಂದ್ಬಿಟ್ರು."

ಶುದ್ಧ ಸುಳ್ಳು, ಸರಿಯಾಗಿ ನೋಡಿಕೊಂಡಿದ್ದರೆ ಇನ್ನೂ ನೂರು ವರ್ಷ ಇರುತ್ತಿತ್ತು ಎಂದು ಗುಡುಗಿದೆ. ಆಕೆ ನನ್ನನ್ನು ಒಂದು ಥರ ನೋಡಿದರು.

"ನೂರು ಬೇಡಪ್ಪ. ಇನ್ನೊಂದು ವರ್ಷ ಸಿಕ್ಕಿದ್ರೆ ಸಾಕಿತ್ತು."

ಎಂಥ ಅಲ್ಪತೃಪ್ತಿ ಎಂದುಕೊಂಡು ಮೆಟ್ಟಿಲೇರಿದೆ. ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಷ್ಟು ಇಕ್ಕಟ್ಟು, ನಡುವೆ ಗಕ್ಕನೆ ತಿರುವು. ಕಳ್ಳ ಪೆಟ್ಟಿಗೆ ಹೊತ್ತು ಇಳಿಯಬಾರದೆಂದೇ ಹೀಗೆ ಕಟ್ಟಿಸಿದ್ದಾರೆ ಎಂದು ಸ್ಥಳದಲ್ಲೇ ಇತಿಹಾಸ ಸೃಷ್ಟಿಸಿದೆ. ಮೇಲಿನ ಕೋಣೆಗೆ ಕಾಲಿಟ್ಟವನೇ ಕತ್ತೆತ್ತಿ ಸೂರಿನ ತೊಲೆಗಳನ್ನು ವರ್ಣಿಸತೊಡಗಿದೆ. ಹುಳ ಹಿಡಿದರೂ ಗತ್ತು ಹೋಗಿಲ್ಲ ನೋಡಿ ಎಂದೆ. ಯಾರೂ ಹೂಂಗುಟ್ಟಲಿಲ್ಲ. ಹೆಂಡತಿ ತೋಳು ಜಗ್ಗಿದಳು.

"ರೀ, ಮೇಲೆ ನೋಡಿದ್ದು ಸಾಕು. ಕೆಳಗೆ ನೋಡಿ."

ಕೆಳಗೆ, ಮಂಚದ ಮೇಲೆ, ಮೂಗಿಗೆ ಹತ್ತಿಯಿಟ್ಟ ಮುದುಕರೊಬ್ಬರು ಮಲಗಿದ್ದರು.

ಗೋಡೆಯುದ್ದಕ್ಕೂ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಒಂದರಲ್ಲೂ ಜನವಿಲ್ಲ. ಮೂಲೆಯಲ್ಲಿ ವ್ಯಾನಿನ ಇಬ್ಬರು ಆಳುಗಳು ಮಾತ್ರ ಕೈಕಟ್ಟಿ ನಿಂತಿದ್ದರು. ಆ ಹೆಂಗಸು ನಮ್ಮ ಹಿಂದೆಯೇ ಏದುಸಿರು ಬಿಡುತ್ತಾ ಬಂದು, ನಮ್ಮ ಟೋಪಿ, ಕ್ಯಾಮೆರಾ, ಬೆವರಿದ ಮುಖಗಳನ್ನೆಲ್ಲ ಒಮ್ಮೆ ನೋಡಿದರು.

"ಇವರನ್ನ ನೋಡೋಕೆ ಯಾರೂ ಬರಲ್ಲ ಅಂದ್ಕೊಂಡಿದ್ದೆ. ಇಷ್ಟೊಂದು ಜನ ಬಂದ್ರಲ್ಲ. ಕೂತ್ಕೊಳ್ಳಿ."

"ಅಮ್ಮಾ, ನಾವು..." ಎಂದು ಬಾಯಿ ತೆರೆದೆ. ಹೆಂಡತಿಯ ಮೊಣಕೈ ಪಕ್ಕೆಗೆ ತಿವಿಯಿತು.

"ನಾವು ಕೂತ್ಕೋತೀವಿ," ಎಂದು ನನ್ನ ವಾಕ್ಯವನ್ನು ಅವಳೇ ಮುಗಿಸಿದಳು.

ಎಲ್ಲರೂ ಕೂತೆವು. ಕ್ಯಾಮೆರಾಗಳು ಸದ್ದಿಲ್ಲದೆ ಚೀಲ ಸೇರಿದವು. ಹೆಂಡತಿ ಆಕೆಯ ಕೈ ಹಿಡಿದು ಕೂತಳು. ಮಕ್ಕಳಿಲ್ಲ, ಬಂಧುಗಳೆಲ್ಲ ಇವರಿಗಿಂತ ಮೊದಲೇ ಹೋದರು ಎಂದು ಆಕೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ಆಮೇಲೆ ನನ್ನ ಕಡೆ ತಿರುಗಿ, ಇವರ ಬಗ್ಗೆ ಎರಡು ಮಾತು ಹೇಳಿ ಎಂದರು.

ಎರಡು ಮಾತು! ಜನ್ಮದಲ್ಲಿ ಮೊದಲ ಸಲ ಎರಡು ಮಾತು ನನಗೆ ಬೆಟ್ಟವಾಯಿತು. ಸತ್ತವರ ಹೆಸರೂ ಗೊತ್ತಿಲ್ಲ. ರಾಜನೂ ಒದಗಲಿಲ್ಲ, ರಾಣಿಯೂ ಒದಗಲಿಲ್ಲ.

"ಇವರು... ಈ ಮನೆಯಲ್ಲಿದ್ದರು," ಎಂದು ಕೂತುಬಿಟ್ಟೆ.

ದೇಹ ಇಳಿಸುವ ಹೊತ್ತಿಗೆ ನನ್ನ ಇತಿಹಾಸ ನನಗೇ ತಿರುಗಿ ಬಿತ್ತು. ಆ ಮೆಟ್ಟಿಲಲ್ಲಿ ಇಬ್ಬರು ಆಳುಗಳಿಗೆ ಭಾರ ನಿಭಾಯಿಸಲಾಗಲಿಲ್ಲ. ಗುಂಪಿನ ಗಂಡಸರು ಕೈಹಾಕಿದೆವು. ತಿರುವಿನಲ್ಲಿ ನಾನು ಗೋಡೆಗೆ ಅಂಟಿಕೊಂಡು ಸಿಕ್ಕಿಬಿದ್ದೆ. ಮುದುಕರ ಪಾದ ನನ್ನ ಕೆನ್ನೆಗೆ ತಾಗಿತು. ತಣ್ಣಗಿತ್ತು. ಗುರುತಿಲ್ಲದ ಮನುಷ್ಯನಿಗಾಗಿ ನನಗೆ ಅಳು ಬಂತು.

ವ್ಯಾನಿನ ಹಿಂಬಾಗಿಲು ಮುಚ್ಚಿದ ಮೇಲೆ ಸುಳ್ಳನ್ನು ಇನ್ನು ಹೊರಲಾರದೆ ಆಕೆಯ ಮುಂದೆ ಕೈಮುಗಿದೆ.

"ಅಮ್ಮ, ತಪ್ಪಾಯ್ತು. ಅವರ ಪರಿಚಯ ನನಗೆ ಇರ್ಲೇ ಇಲ್ಲ."

"ಗೊತ್ತಪ್ಪ. ಆದ್ರೆ ಅವರಿಗೆ ನಿಮ್ಮ ಪರಿಚಯ ಇತ್ತು," ಎಂದರು ಆಕೆ. "ಹಾಸಿಗೆ ಹಿಡಿದ ಮೇಲೆ, ಭಾನುವಾರ ನಿಮ್ಮ ದನಿ ಕೇಳಿದ್ರೆ ಸಾಕು, ಕಿಟಕಿ ತೆಗಿ, ಬುರುಡೆರಾಯ ಬಂದ ಅಂತ ಕೂಗೋರು. ನಾನು ತೆಗೆದು ಅಡುಗೆಮನೆಗೆ ಹೋಗ್ತಿದ್ದೆ. ಆಮೇಲೆ ಮೇಲಿಂದ ಅವರ ನಗು ಕೇಳೋದು. ವಾರದಲ್ಲಿ ಅವರು ನಗ್ತಿದ್ದದ್ದು ಅದೊಂದೇ ಹೊತ್ತು."

ಹೆಂಡತಿ ಆ ಹೆಸರನ್ನು ಹಿಡಿದು ನನ್ನನ್ನು ಆಡಿಕೊಳ್ಳಲಿಲ್ಲ. ಆ ಹೆಂಗಸು ವ್ಯಾನು ಹತ್ತುವ ಮೊದಲು ನನ್ನ ತೋಳು ಹಿಡಿದುಕೊಂಡರು.

"ಮುಂದಿನ ಭಾನುವಾರ ಬನ್ನಿ. ಅಂಥದ್ದೇನು ಸುಳ್ಳು ಹೇಳ್ತಿದ್ರಿ ಅಂತ ನಾನು ಒಂದಿನಾನೂ ನಿಂತು ಕೇಳಲಿಲ್ಲ."