ಈಜುಕೊಳ ತೆರವು ಮಾಡಿಕೊಡುವಂತೆ ಪಾಚಿಯವರಲ್ಲಿ ಅರಿಕೆ

ನಮ್ಮ ವಸತಿ ಸಮುಚ್ಚಯದ ಈಜುಕೊಳದಲ್ಲಿ ನಾಲ್ಕು ತಿಂಗಳಿನಿಂದ ಬೀಡುಬಿಟ್ಟಿರುವ ಮಾನ್ಯ ಪಾಚಿಯವರೇ,

ಎರಡನೇ ಮಹಡಿಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮಾಡುವ ನಮಸ್ಕಾರಗಳು. ತಾವು ಗೋಡೆ, ಮೆಟ್ಟಿಲು, ಏಣಿಯ ಮೇಲೆಲ್ಲ ಸುಖವಾಗಿ ಹಬ್ಬಿರುವುದನ್ನು ದಿನವೂ ಬಾಲ್ಕನಿಯಿಂದ ನೋಡುತ್ತಿರುವುದರಿಂದ ಯೋಗಕ್ಷೇಮ ಬೇರೆ ವಿಚಾರಿಸುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಬಣ್ಣ ಹಚ್ಚಲು ಕಲಿಸಿದವನು ನಾನು. ಇಷ್ಟು ಸಮನಾದ ಹಸಿರು ನನ್ನ ಕೈಯಿಂದ ಒಮ್ಮೆಯೂ ಬರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ವಿಷಯ ಏನೆಂದರೆ, ನನ್ನ ಹೆಂಡತಿಗೆ ಮಂಡಿ ಆಪರೇಷನ್ ಆಗಿದೆ, ದಿನಕ್ಕೆ ಅರ್ಧ ಗಂಟೆ ಎದೆಮಟ್ಟದ ನೀರಿನಲ್ಲಿ ನಡೆಯದಿದ್ದರೆ ಕಾಲು ಹೀಗೇ ಬಿಗಿದುಕೊಂಡು ಉಳಿಯುತ್ತದೆಂದು ಡಾಕ್ಟರು ಹೇಳಿದ್ದಾರೆ. ಕಳೆದ ವಾರ ಅವಳು ಕೋಲೂರಿಕೊಂಡು ಹೋಗಿ ಮೊದಲ ಮೆಟ್ಟಿಲಲ್ಲೇ ತಮ್ಮ ಮೇಲೆ ಕಾಲಿಟ್ಟು ಜಾರಿದಳು. ನಾನು ತೋಳು ಹಿಡಿದಿದ್ದಕ್ಕೆ ಬಚಾವು. ಅವತ್ತಿನಿಂದ ಬಚ್ಚಲಿಗೂ ಗೋಡೆ ಹಿಡಿದೇ ಹೋಗುತ್ತಾಳೆ, ಕುಂಟಿಕೊಂಡೇ ಇರ್ತೀನಿ ಬಿಡಿ ಅನ್ನುತ್ತಾಳೆ.

ಇದರಲ್ಲಿ ತಮ್ಮ ತಪ್ಪೇನೂ ಇಲ್ಲ. ಪ್ರತಿ ಸೋಮವಾರ ಕೊಳದ ನೀರನ್ನು ಸೀಸೆಯಲ್ಲಿ ಹಿಡಿದು, ಔಷಧದ ಹನಿ ಹಾಕಿ, ಬಣ್ಣ ನೋಡಿ ಪುಸ್ತಕದಲ್ಲಿ ಬರೆಯುವುದು ನಮ್ಮ ಸಂಘದ ಪದ್ಧತಿ, ಮತ್ತು ನಾಲ್ಕು ತಿಂಗಳಿನಿಂದಲೂ ಅಲ್ಲಿ ‘ನೀರು ಅತ್ಯುತ್ತಮ’ ಎಂದೇ ಇದೆ. ಕೊಳದ ಅಂಚು ಜಾರುತ್ತದೆಂದು ಕಾವಲುಗಾರರು ಆ ಸೀಸೆಯನ್ನು ಕಚೇರಿಯ ನಲ್ಲಿಯಲ್ಲಿ ತುಂಬಿಸುತ್ತಿದ್ದರಂತೆ. ನಾನು ಕಾರ್ಯದರ್ಶಿಗಳಿಗೆ ಕೊಳ ತೋರಿಸಿದೆ, ಅವರು ನನಗೆ ಪುಸ್ತಕ ತೋರಿಸಿದರು.

ಅವರಿಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದ್ದರಿಂದ ತಾವೇ ದೊಡ್ಡ ಮನಸ್ಸು ಮಾಡಿ, ಗೋಡೆಯನ್ನು ಬಿಟ್ಟು, ಪಂಪಿನ ಸ್ವಿಚ್ ಹಾಕಿ, ಬೀಗ ಹಾಕಿಟ್ಟ ಕ್ಲೋರಿನ್ ಡಬ್ಬವನ್ನು ತಮ್ಮ ಮೇಲೆ ತಾವೇ ಸುರಿದುಕೊಂಡು, ಸಾಲಾಗಿ ಫಿಲ್ಟರಿನೊಳಗೆ ದಯಮಾಡಿಸಬೇಕೆಂದು ಬೇಡುತ್ತೇನೆ. ಹೋಗುವ ಮುನ್ನ ಪುಸ್ತಕದಲ್ಲಿ ಒಂದು ಸಹಿ ಹಾಕಿದರೆ ತಾವು ಇಲ್ಲಿದ್ದಿರಿ ಎಂಬುದಕ್ಕೆ ಸಾಕ್ಷಿಯಾದರೂ ಉಳಿಯುತ್ತದೆ.

ತಮ್ಮ ಹಸಿರನ್ನು ಮೆಚ್ಚಿಯೂ ನಿರ್ಗಮನವನ್ನೇ ಬಯಸುವ,
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ ಮೇಷ್ಟ್ರು

ವಿ.ಸೂ.: ತಾವು ಒಪ್ಪದಿದ್ದರೆ ನಾಳೆ ಬೆಳಿಗ್ಗೆ ನಾನೇ ಬ್ರಷ್ ಹಿಡಿದು ಇಳಿಯುವವನಿದ್ದೇನೆ, ತಳದ ಟೈಲ್ಸ್ ಕಣ್ಣಿಗೆ ಕಂಡು, ಕೊಳದ್ದೇ ನೀರು ಪರೀಕ್ಷೆಯಲ್ಲಿ ಪಾಸಾಗುವವರೆಗೆ ಅವಳನ್ನು ಇಳಿಸುವುದಿಲ್ಲ. ಆದರೆ ಕೊಳಕ್ಕೆ ಯಾರೇ ಇಳಿಯಬೇಕಾದರೂ ಸಂಘದ ಲಿಖಿತ ಅನುಮತಿ ಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಕೊಡಿಸಿದ್ದಾರೆ. ತಾವು ಯಾವ ನಮೂನೆಯಲ್ಲಿ ಅರ್ಜಿ ಹಾಕಿ ಇಳಿದಿರಿ ಎಂದು ತಿಳಿಸಿದರೆ, ನಾನೂ ಅದರಲ್ಲೇ ಹಾಕುತ್ತೇನೆ.