ಗುಡ್ಡ ಹತ್ತಿದ ಮೊಟ್ಟಮೊದಲ ಮನುಷ್ಯ

ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗ ನಾನು. ಹೀಗಾಗಿ ಸಾಣಾಪುರಕ್ಕೆ ಹೋಗುವ ಪ್ರವಾಸಿಗರು ಓದಲೆಂದು ನಮ್ಮೂರ ಗುಡ್ಡದ ಬುಡಕ್ಕೆ, ರಸ್ತೆ ಪಕ್ಕ ಒಂದು ಇತಿಹಾಸದ ಕಲ್ಲು ನಿಲ್ಲಿಸಲು ಪಂಚಾಯಿತಿಯವರು ತೀರ್ಮಾನಿಸಿದಾಗ ಬರೆಯುವ ಕೆಲಸ ನನ್ನ ಹೆಗಲಿಗೇ ಬಂತು. ಬೇರೆಯವರ ಹೆಗಲಿಗೆ ಹೋಗಲು ನಾನೂ ಬಿಡಲಿಲ್ಲ!

ಕಂಪನಿ ಸರಕಾರದ ಕಾಲದಲ್ಲಿ ಒಬ್ಬ ಸರ್ವೇ ಸಾಹೇಬ ಈ ಗುಡ್ಡ ಹತ್ತಿದ್ದನಂತೆ. ಅವನು ಬರೆದ ಇಂಗ್ಲಿಷ್ ಪುಸ್ತಕದ ಎರಡು ಪುಟದ ಝೆರಾಕ್ಸ್ ಸಿಕ್ಕಿತು. ಡಿಕ್ಷನರಿ ಹಿಡಿದು ಮೂರು ದಿನದಲ್ಲಿ ಮೊದಲ ಪುಟ ಮುಗಿಸಿದೆ. ಎರಡನೆಯದನ್ನು ಓದುವ ಅಗತ್ಯ ಕಾಣಲಿಲ್ಲ. "ಈ ಗುಡ್ಡವನ್ನು ಏರಿದ ಮೊಟ್ಟಮೊದಲ ಮನುಷ್ಯ" ಎಂದು ಶುರು ಮಾಡಿ ಏಳು ಸಾಲು ಬರೆದುಕೊಟ್ಟೆ. ಕಲ್ಲು ಕೆತ್ತುವ ಈರಣ್ಣ ಹಾಗೆಯೇ ಕೆತ್ತಿ ನಿಲ್ಲಿಸಿದ.

ಸೋಮವಾರ ತಹಶೀಲ್ದಾರರಿಂದ ಅನಾವರಣ. ಶನಿವಾರವೇ ಅವ್ವನನ್ನೂ ಹೆಂಡತಿ ಶಾಂತಾಳನ್ನೂ ಕರೆದುಕೊಂಡು ಹೋದೆ. ಅವ್ವ ಕಂಡವರ ಹೊಲದಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದವಳು. ಅವಳಿಗೆ ಅಕ್ಷರ ಬಾರದು. ಮಗನ ಬರಹ ಕಲ್ಲಿನ ಮೇಲೆ ನಿಂತದ್ದನ್ನು ಅವಳು ನೋಡಿ ಮೆಚ್ಚಬೇಕು, ಅದೊಂದೇ ನನ್ನ ಆಸೆ. ಗಟ್ಟಿಯಾಗಿ ಓದಿ ಹೇಳಿದೆ.

"ಸಾಹೇಬ ಹತ್ತಿದ್ದು ಖರೆ ಇರಬೇಕಪಾ," ಅಂದಳು ಅವ್ವ. "ಅವನ ಡೇರೆ, ಪೆಟ್ಟಿಗಿ, ಕುರ್ಚಿ ಯಾರು ಒಯ್ದರು? ತಾವ ನಡಕೋತ ಹೋದ್ವೇನು?"

"ಪುಸ್ತಕದಾಗ ಹಂಗ ಐತಿ, ಅವ್ವಾ!"

"ಮದುವಿಯಾಗಿ ಬಂದ ಸೊಸಿ ತಾ ಬಡಿದ ಮೊದಲ್ನೇ ರೊಟ್ಟಿ ಗುಡ್ಡದ ಮ್ಯಾಲಿನ ಹನುಮಪ್ಪಗ ಒಯ್ಯೂದು ನಮ್ಮ ಮುತ್ತಜ್ಜಿಗಳ ಕಾಲದಿಂದ ಐತಿ. ಅವರೆಲ್ಲ ಮನುಷ್ಯಾರಲ್ಲೇನು? ಅದನ್ನ ಅಳಸು."

"ನಾನೂ ಒಯ್ದೀನ್ರಿ," ಶಾಂತಾ ಮೆಲ್ಲಗೆ ಸೇರಿಸಿದಳು. "ನೀವು ಕಾಲು ನೋಯ್ತಾವು ಅಂತ ಅವತ್ತು ಕೆಳಗ ಕುಂತಿದ್ರಿ."

ಪದವೀಧರನ ಮಾನದ ಪ್ರಶ್ನೆ! ಹೆಂಗಸರದು ಹಿಂದಿನ ಕಾಲುದಾರಿ, ಸಾಹೇಬನದು ಮುಂದಿನ ಕಡಿದಾದ ಬಂಡೆ. "ಆ ದಾರೀಲೆ ಅವನಕಿಂತ ಮೊದಲು ಯಾರೂ ಹೋಗಿಲ್ಲ. ನಾಳೆ ನಾನು ಹತ್ತಿ ತೋರಸ್ತೀನಿ!" ಎಂದು ಘೋಷಿಸಿಬಿಟ್ಟೆ.

ಭಾನುವಾರ ಹೊಸ ಬೂಟು ಹಾಕಿ, ಝೆರಾಕ್ಸ್ ಜೇಬಿಗಿಟ್ಟು ಹೊರಟೆ. ಮುಕ್ಕಾಲು ಗುಡ್ಡ ಹತ್ತಿ ಎರಡು ಬಂಡೆಗಳ ನಡುವೆ ಸಿಕ್ಕಿಬಿದ್ದೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ರಸ್ತೆಯಲ್ಲಿ ಕಾರು ನಿಲ್ಲಿಸಿ ಪ್ರವಾಸಿಗರು ವಿಡಿಯೋ ಮಾಡತೊಡಗಿದರು. ನಾನು ಬಂಡೆಯನ್ನು ಸಂಶೋಧಿಸುವವನಂತೆ ಮುಖ ಮಾಡಿದೆ. ಆಗ ನೆತ್ತಿಯ ಮೇಲಿಂದ ದನಿ ಬಂತು.

"ಅಲ್ಲೇ ಯಾಕ ನಿಂತೀರಿ? ಊಟಕ್ಕ ಬರ್ರಿ!"

ಶಾಂತಾ! ಪಕ್ಕದಲ್ಲಿ ಅವ್ವ, ಕಾಲಿಗೆ ಚಪ್ಪಲಿಯೂ ಇಲ್ಲ. ಹಿಂದಿನ ದಾರಿಯಿಂದ ಬಂದು ಅರ್ಧ ತಾಸಾಗಿತ್ತಂತೆ. ಬುತ್ತಿ ಕಟ್ಟಿದ್ದ ಹಳೇ ಸೀರೆ ಬಿಚ್ಚಿ ಇಳಿಬಿಟ್ಟು, ಇತಿಹಾಸಕಾರನನ್ನು ಮೇಲೆಳೆದುಕೊಂಡರು.

ರೊಟ್ಟಿ, ಪುಂಡಿಪಲ್ಯ ತಿಂದ ಮೇಲೆ, ಬೆವರಿನಲ್ಲಿ ತೊಯ್ದ ಎರಡನೇ ಪುಟ ಬಿಡಿಸಿದೆ. ಸಾಹೇಬ ಪ್ರಾಮಾಣಿಕ ಮನುಷ್ಯ! ತಾನು ಏದುಸಿರು ಬಿಡುತ್ತ ತುದಿ ಮುಟ್ಟುವಷ್ಟರಲ್ಲಿ ಊರಿನ ಕೂಲಿಗಳು ಡೇರೆ ಹೊಡೆದು, ಗುಡಿಯ ನೆರಳಿಗೆ ನಿದ್ದೆಯನ್ನೂ ಮುಗಿಸಿದ್ದರೆಂದು ಬರೆದಿದ್ದ. ಮೊದಲಿಗನೆಂದು ಹೇಳಿಕೊಂಡದ್ದು ಬಿಳಿಯರ ಪೈಕಿ ಮಾತ್ರ.

"ಏನು ಬರದಾನಪಾ?"

"ನೀ ಹೇಳಿದ್ದನ್ನ ಬರದಾನವ್ವಾ."

"ಹಂಗಾರ ಶಾಣ್ಯಾ ಇದ್ದ ಬಿಡು."

ಇಳಿದವನೇ ಈರಣ್ಣನನ್ನು ಹಿಡಿದೆ. "ಮೊಟ್ಟಮೊದಲ ಅನ್ನೂದು ಅಳಸು."

"ಕಲ್ಲಿಗೆ ರಬ್ಬರ್ ಹಚ್ಚಾಕ ಬರಂಗಿಲ್ರಿ ಸರ. ಯಾರೂ ಓದಂಗಿಲ್ಲ, ಇರ್ಲಿ ಬಿಡ್ರಿ."

"ಸುಳ್ಳು ಇರಬಾರದು. ಇವತ್ತ ಆಗಬೇಕು!" ಅವನು ಮೆಲ್ಲಗೆ ಕೆತ್ತುವುದನ್ನು ನೋಡಲಾರದೆ ಸುತ್ತಿಗೆ ಕಸಿದು ನಾನೇ ಒಂದು ಏಟು ಹಾಕಿದೆ. ದಪ್ಪ ಚಕ್ಕೆ ಹಾರಿ, ಆ ಪದವಿದ್ದಲ್ಲಿ ಗೂಡಿನಂಥ ಒಂದು ಕುಳಿಯೇ ಬಿತ್ತು!

ಸೋಮವಾರ ಪರದೆ ಸರಿಸಿದ ತಹಶೀಲ್ದಾರರು ಬಗ್ಗಿ ನೋಡಿ, "ಇಲ್ಲೇನಿತ್ರೀ?" ಎಂದರು.

"ನನ್ನ ತಪ್ಪಿತ್ರೀ ಸರ," ಅಂದೆ. ಅವ್ವ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಮುಂದಿನ ಹುಣ್ಣಿಮೆಗೆ ಹುಲಿಗಿಯ ಅಮ್ಮನ ಗುಡಿಗೆ ನಡೆದುಹೋಗುವ ಹೆಣ್ಣುಮಕ್ಕಳು ಆ ಗೂಡಿನಲ್ಲಿ ಹಣತೆ ಹಚ್ಚಿಟ್ಟರು. ಈಗ ಅದು ದಿನದ ಪದ್ಧತಿ. ಎಣ್ಣೆ ಇಳಿದು, ಮಸಿ ಹತ್ತಿ ನನ್ನ ಅಕ್ಷರಗಳು ನನಗೇ ಓದಲು ಬರುವುದಿಲ್ಲ. ಬಿ.ಎ. ಪದವೀಧರ ಬರೆದ ಏಳು ಸಾಲು ಓದಲು ಯಾರೂ ನಿಂತಿಲ್ಲ. ಅಳಿಸಿದ ಜಾಗಕ್ಕೆ ಮಾತ್ರ ಎಲ್ಲರೂ ಕೈ ಮುಗಿಯುತ್ತಾರೆ!