ಮುಸುರಿ ಬಕೀಟು ಬರಿದಾದ ತಿಂಗಳು

ನಾನೊಂದು ನಿರ್ಧಾರ ಮಾಡಿದರೆ ಸಾಕು, ಅದನ್ನು ಕೆಡಿಸಲು ಶಹಾಪುರದಲ್ಲಿ ಯಾರಾದರೊಬ್ಬರು ಒಳ್ಳೆಯ ಮನುಷ್ಯರು ಹುಟ್ಟಿಕೊಳ್ಳುತ್ತಾರೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ನನಗೆ ಕೈಕಟ್ಟಿ ಕೂರುವುದು ಒಗ್ಗಲಿಲ್ಲ. ಓಣಿಯ ಮಹಿಳಾ ಸಂಘದ ಸಭೆಯಲ್ಲಿ ಎದ್ದು ನಿಂತೆ. "ಒಂದು ತಿಂಗಳು ನನ್ನ ಅಡುಗೆಮನೆಯಲ್ಲಿ ಒಂದು ಅಗುಳೂ ಹಾಳಾಗುವುದಿಲ್ಲ. ಕೊನೆಯ ದಿನ ಬಂದು ಮುಸುರಿ ಬಕೀಟು ನೋಡಿರಿ" ಎಂದು ಘೋಷಿಸಿದೆ. ಮಾತು ಆಡಿಯಾಗಿತ್ತು, ಇನ್ನು ಉಳಿಸಿಕೊಳ್ಳಬೇಕಿತ್ತು.

೧. ಸಿಪ್ಪೆ

ಮೊದಲ ದಿನ ಕಲ್ಲಂಗಡಿ ಸಿಪ್ಪೆಯ ಪಲ್ಯ, ಎರಡನೆಯ ದಿನ ಹೀರೆಕಾಯಿ ಸಿಪ್ಪೆಯ ಚಟ್ನಿ. ಮೂರನೆಯ ದಿನ ನಮ್ಮ ಯಜಮಾನರು ತಾಟಿನ ಮುಂದೆ ಕುಳಿತು ಮೆಲ್ಲಗೆ ಕೇಳಿದರು:

"ಇವತ್ತೇನು?"

"ಕುಂಬಳಕಾಯಿ ಸಿಪ್ಪೆ."

ಅವರು ಪಲ್ಯವನ್ನು ಬೆರಳಿನಿಂದ ಕೆದರಿ ನೋಡಿದರು. "ಅಲ್ಲ, ಈ ಕಾಯಿಗಳ ಒಳಗಿಂದು ದಿನಾ ಯಾರ ಮನಿಗಿ ಹೋಗಾಕತ್ತದ?"

೨. ಎಣಿಕೆ

ಹಸಿವನ್ನು ಮೊದಲೇ ತಿಳಿದುಕೊಂಡರೆ ಅಡುಗೆ ಉಳಿಯುವ ಪ್ರಶ್ನೆಯೇ ಇಲ್ಲವೆಂಬುದು ನನ್ನ ಸಿದ್ಧಾಂತ. ಸುರಪುರದಿಂದ ನಾದಿನಿ ಬಂದಾಗ ಹಿಟ್ಟು ನಾದುವ ಮೊದಲೇ ಕೇಳಿದೆ: "ನೀವು ಎಷ್ಟು ರೊಟ್ಟಿ ಉಣ್ಣುತ್ತೀರಿ?"

ನಮ್ಮ ಕಡೆ ಬೀಗರನ್ನಾಗಲಿ ನೆಂಟರನ್ನಾಗಲಿ ಯಾರೂ ಕೇಳದ ಪ್ರಶ್ನೆ ಅದು. ಆಕೆ ಸಂಕೋಚದಿಂದ ಎರಡೆಂದಳು; ಹಸಿವಿನಿಂದ ಐದು ಉಂಡಳು. ಅಂದು ಮನೆಯಲ್ಲಿ ನಿಜಕ್ಕೂ ಏನೂ ಉಳಿಯಲಿಲ್ಲ, ನನಗೂ.

ಹೋಗುವಾಗ ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿ ಹೋದಳು: "ನಮ್ಮ ವೈನಿ ರೊಟ್ಟಿ ಎಣಿಸಾಕ ಹತ್ಯಾರವ್ವ."

೩. ಎಮ್ಮೆ

ಆ ಪಕ್ಕದ ಮನೆಯಾಕೆಗೆ ಒಂದು ಎಮ್ಮೆ. ಅಕ್ಕಿ ತೊಳೆದ ನೀರು, ಸಿಪ್ಪೆ, ಉಳಿದ ಅನ್ನ, ಹೀಗೆ ನಮ್ಮ ಮನೆಯ ಮುಸುರಿ ವರ್ಷಾನುಗಟ್ಟಲೆ ಅದರ ಪಾಲು. ಈಗ ಸಿಪ್ಪೆ ಯಜಮಾನರಿಗೆ, ನೀರು ಕರಿಬೇವಿನ ಗಿಡಕ್ಕೆ. ಎಂಟು ದಿನ ಆಕೆ ಬಂದು ಬರಿಗೈಲಿ ಹೋದಳು.

ಒಂಬತ್ತನೆಯ ದಿನ ಬಕೀಟಿನ ತಳ ನೋಡಿ, ನನ್ನ ಮುಖ ನೋಡಿ ನಿಂತಳು. "ಟೀಚರಮ್ಮ, ಏನೇನೂ ಉಳಿದಿಲ್ಲೇನ್ರಿ?"

"ಒಂದು ಅಗುಳೂ ಇಲ್ಲ" ಎಂದೆ, ಹೆಮ್ಮೆಯಿಂದ.

"ಎಮ್ಮಿ ಹೋಗಲಿ ಬಿಡ್ರಿ," ಎಂದಳು ದನಿ ತಗ್ಗಿಸಿ. "ನೀವರ ಉಣ್ಣಾಕತ್ತೀರಿಲ್ಲ?"

೪. ಕೊನೆಯ ದಿನ

ತಿಂಗಳ ಕೊನೆಯ ದಿನ ಬೆಳಿಗ್ಗೆಯೇ ಬಕೀಟನ್ನು ಬೂದಿ ಹಚ್ಚಿ ತಿಕ್ಕಿ ಅಂಗಳದಲ್ಲಿ ಇಟ್ಟೆ. ಸಂಘದವರು ಸಂಜೆ ಬರುವವರಿದ್ದರು. ಅಷ್ಟು ಹೊತ್ತು ಕಾಯುವುದೇ ಕಷ್ಟವಾಗಿ ಒಳಗೂ ಹೊರಗೂ ತಿರುಗುತ್ತಿದ್ದೆ.

ಬಾಗಿಲು ಬಡಿದರು. ಎಮ್ಮೆಯಾಕೆ! ಕೈಯಲ್ಲಿ ಹತ್ತು ರೊಟ್ಟಿ, ಎಣ್ಣೆಗಾಯಿ. "ಯಾರ ಮುಂದೂ ಅನ್ನಂಗಿಲ್ರಿ, ಉಣ್ರಿ."

"ಇದು ಬಡತನ ಅಲ್ಲವ್ವ, ಪರಿಸರದ ಕೆಲಸ."

ಆಕೆ ನನ್ನ ಕೈ ಹಿಡಿದುಕೊಂಡಳು. "ಮರ್ಯಾದಿ ಇದ್ದವರು ಹಿಂಗೇ ಅಂತಾರ್ರಿ."

ಯಾರ ಮುಂದೂ ಅನ್ನುವುದಿಲ್ಲವೆಂದವಳು ಇಡೀ ಓಣಿಗೆ ಹೇಳಿದ್ದಳು. ಎದುರು ಮನೆಯಿಂದ ಗೋಧಿ ಹುಗ್ಗಿ, ಹಿಂದಿನ ಮನೆಯಿಂದ ಅನ್ನ ಸಾರು. ಪ್ರೀತಿಯಿಂದ ತಂದ ಅನ್ನವನ್ನು ತಿರುಗಿ ಕಳಿಸುವಂತಿಲ್ಲ. "ಇಡೀ ಬದನಿಕಾಯಿ!" ಎಂದು ಯಜಮಾನರು ಕಣ್ಣಲ್ಲಿ ನೀರು ತಂದುಕೊಂಡು ಉಂಡರು. ಆದರೂ ಇಬ್ಬರು ಎಷ್ಟು ಉಣ್ಣಬಹುದು? ನಮ್ಮ ಬಿಸಿಲಿಗೆ ಮಧ್ಯಾಹ್ನದೊಳಗೆ ಸಾರು ಹಳಸಿತು, ಅನ್ನ ಹಳಸಿತು, ಹುಗ್ಗಿಗೆ ನೊರೆ ಬಂತು. ಬಕೀಟು ಅಂಚಿನವರೆಗೆ ತುಂಬಿತು.

ಸಂಜೆ ಸಂಘದವರು ಬಂದು ಬಕೀಟಿನ ಸುತ್ತ ನಿಂತರು. ಒಬ್ಬಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಮುಸುರಿಗೆಂದು ಬಂದ ಎಮ್ಮೆಯಾಕೆ ಬಕೀಟಿನೊಳಗೆ ಇಣುಕಿದಳು, ಎರಡೂ ಕೈ ಮೇಲೆತ್ತಿ ಮುಗಿದಳು.

"ದೇವರು ಕಣ್ಣ ತೆರದ ನೋಡ್ರೆವ್ವಾ! ಟೀಚರಮ್ಮನ ಮನಿಯಾಗ ಮತ್ತ ಅನ್ನ ಚೆಲ್ಲಾಕತ್ಯಾರ!"